ಜಾವಾಸ್ಕ್ರಿಪ್ಟ್ ಕೈಕೊಟ್ಟಾಗ ಇನ್ನೊಬ್ಬರನ್ನು ಕೇಳುವುದು ಹೇಗೆ

"ನನ್ನ ಕೋಡ್ ವರ್ಕ್ ಆಗ್ತಿಲ್ಲ, ಯಾರಾದ್ರೂ ಹೆಲ್ಪ್ ಮಾಡಿ" ಎಂದಷ್ಟೇ ಬರೆದರೆ ಉತ್ತರ ಬರುವುದು ಅಪರೂಪ. ಓದಿದವರಿಗೆ ನೆರವಾಗುವ ಮನಸ್ಸಿರುತ್ತದೆ, ಎಲ್ಲಿಂದ ಶುರು ಮಾಡಬೇಕೆಂಬ ಸುಳಿವೇ ಸಿಗುವುದಿಲ್ಲ. ಒಂದೇ ಜಾವಾಸ್ಕ್ರಿಪ್ಟ್ ಕಡತ ಕ್ರೋಮ್‌ನಲ್ಲಿ ಓಡಿ ಸಫಾರಿಯಲ್ಲಿ ನಿಲ್ಲಬಹುದು. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದು ಸರ್ವರಿಗೆ ಏರಿಸಿದ ಮೇಲೆ ಕೆಡಬಹುದು. ಬ್ರೌಸರಿನ ಆವೃತ್ತಿ, ಸರ್ವರ್ ಕಳಿಸಿದ ಉತ್ತರ, ಕ್ಯಾಶೆಯಲ್ಲಿ ಉಳಿದ ಹಳೆಯ ಕಡತ, ಯಾವ ಸಾಲು ಮೊದಲು ಓಡಿತು ಯಾವುದು ಆಮೇಲೆ ಎಂಬುದು, ಇವೆಲ್ಲ ಸೇರಿ ಒಂದು ಬಗ್ ಹುಟ್ಟುತ್ತದೆ. ಇನ್ನೊಬ್ಬ ಪ್ರೋಗ್ರಾಮರ್ ಅದನ್ನು ಬಿಡಿಸಬೇಕಾದರೆ ಅದು ಅವರ ಪರದೆಯ ಮೇಲೂ ಕಾಣಿಸಿಕೊಳ್ಳಬೇಕು. ಪ್ರಶ್ನೆ ಕೇಳುವವರು ಮಾಡಬೇಕಾದ ಮುಖ್ಯ ಕೆಲಸ ಅದೊಂದೇ. ಅದನ್ನು ಪೂರ್ತಿ ಮಾಡಿದರೆ ಎಷ್ಟೋ ಸಲ ಕೇಳುವ ಅಗತ್ಯವೇ ಉಳಿಯುವುದಿಲ್ಲ.

ಕೆಂಪಕ್ಷರವನ್ನು ಮೊದಲು ಓದಿ

ವಿಂಡೋಸ್‌ನಲ್ಲಿ ಎಫ್12 ಒತ್ತಿದರೆ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಐ ಮೂರನ್ನೂ ಒಟ್ಟಿಗೆ ಒತ್ತಬೇಕು. ಕನ್ಸೋಲ್‌ನಲ್ಲಿ ಕೆಂಪಕ್ಷರದಲ್ಲಿ ಬರುವ ಎರರ್ ಮೂರು ಸಂಗತಿ ಹೇಳುತ್ತದೆ: ಅದು ಯಾವ ಬಗೆಯದು, ಏನಾಯಿತು, ಯಾವ ಕಡತದ ಎಷ್ಟನೇ ಸಾಲಿನಲ್ಲಿ ಆಯಿತು. ಸಿಂಟ್ಯಾಕ್ಸ್ ಎರರ್ ಬಂದರೆ ಸಾಮಾನ್ಯವಾಗಿ ಆ ಕಡತದ ಒಂದು ಸಾಲೂ ಓಡಿರುವುದಿಲ್ಲ, ಬ್ರೌಸರ್ ಓದುವ ಹಂತದಲ್ಲೇ ಕೈಬಿಟ್ಟಿರುತ್ತದೆ. ರೆಫರೆನ್ಸ್ ಎರರ್ ಎಂದರೆ ನೀವು ಬಳಸಿದ ಹೆಸರು ಆ ಜಾಗದಲ್ಲಿ ಇಲ್ಲ. ಟೈಪ್ ಎರರ್ ಎಂದರೆ ಹೆಸರಿದೆ, ಅದರೊಳಗಿನ ವ್ಯಾಲ್ಯೂ ನೀವು ಅಂದುಕೊಂಡದ್ದಲ್ಲ.

ಟೈಪ್ ಎರರ್‌ಗಳಲ್ಲಿ ಎಲ್ಲರೂ ಒಮ್ಮೆಯಾದರೂ ನೋಡಿರುವುದು ಅನ್‌ಡಿಫೈನ್ಡ್ (ಇನ್ನೂ ವ್ಯಾಲ್ಯೂ ಸಿಗದ್ದು) ಕುರಿತದ್ದು. ಕ್ರೋಮ್ ಅದನ್ನು 'ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್, ರೀಡಿಂಗ್ ಮ್ಯಾಪ್' ಎನ್ನುತ್ತದೆ. ಸಫಾರಿ 'ಅನ್‌ಡಿಫೈನ್ಡ್ ಈಸ್ ನಾಟ್ ಆ್ಯನ್ ಆಬ್ಜೆಕ್ಟ್' ಎನ್ನುತ್ತದೆ, ಫೈರ್‌ಫಾಕ್ಸ್‌ನ ಮಾತು ಇನ್ನೊಂದು ಬಗೆ. ತಪ್ಪು ಒಂದೇ, ಹೇಳುವ ರೀತಿ ಬೇರೆ. ಹಾಗಾಗಿ ಯಾವ ಬ್ರೌಸರ್ ಎಂದು ಹೇಳದೆ ಸಂದೇಶವನ್ನು ಮಾತ್ರ ಕೊಟ್ಟರೆ ಓದುವವರು ತಬ್ಬಿಬ್ಬಾಗುತ್ತಾರೆ. ಸಂದೇಶದ ಕೆಳಗೆ ಸಾಲುಸಾಲಾಗಿ ಬರುವ ಸ್ಟಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ) ನೋಡಿ ಹೆದರುವುದು ಬೇಡ. ರಿಯಾಕ್ಟ್‌ನಂಥ ಲೈಬ್ರರಿ ಬಳಸಿದ್ದರೆ ಅದರ ಒಳಗಿನ ಸಾಲುಗಳೇ ಹೆಚ್ಚಿರುತ್ತವೆ. ಮೇಲಿನಿಂದ ಕೆಳಗೆ ಬರುತ್ತಾ ನೀವೇ ಬರೆದ ಕಡತದ ಹೆಸರು ಮೊದಲು ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲಿ. ಅದು ತಪ್ಪು ಬಯಲಾದ ಜಾಗ. ತಪ್ಪು ಹುಟ್ಟಿದ ಜಾಗ ಅದಕ್ಕಿಂತ ಹಿಂದೆ, ಆ ವ್ಯಾಲ್ಯೂ ಎಲ್ಲಿಂದ ಬಂತೋ ಅಲ್ಲಿರುತ್ತದೆ.

ಅನ್‌ಡಿಫೈನ್ಡ್ ಬದಲು ನಲ್ (ಏನೂ ಇಲ್ಲ ಎಂಬ ವ್ಯಾಲ್ಯೂ) ಎಂದಿದ್ದರೆ ಗಮನ ಬೇರೆ ಕಡೆ ಹರಿಸಬೇಕು. ಪುಟದಲ್ಲಿ ಒಂದು ಬಟನ್ ಇದೆ, ಅದನ್ನು ಐಡಿ ಕೊಟ್ಟು ಹುಡುಕಿ ಕ್ಲಿಕ್ ಲಿಸನರ್ ಸೇರಿಸಲು ಹೋದರೆ ನಲ್ ಎಂಬ ಎರರ್. ಬಟನ್ ಕಣ್ಣೆದುರೇ ಇದೆ, ಐಡಿಯ ಕಾಗುಣಿತವೂ ಸರಿ. ಆದರೆ ಸ್ಕ್ರಿಪ್ಟ್ ಟ್ಯಾಗ್ ಹೆಡ್ ಒಳಗಿದೆ, ಬ್ರೌಸರ್ ಬಟನ್ ಇರುವ ಸಾಲಿಗೆ ಬರುವ ಮೊದಲೇ ಸ್ಕ್ರಿಪ್ಟ್ ಓಡಿ ಮುಗಿದಿದೆ. ಟ್ಯಾಗಿಗೆ ಡಿಫರ್ ಎಂದು ಸೇರಿಸಿದರೆ ಪುಟ ಪೂರ್ತಿ ಓದಿಯಾದ ಮೇಲೆ ಅದು ಓಡುತ್ತದೆ. ಇಂಥ ಪ್ರಶ್ನೆಯಲ್ಲಿ ಜಾವಾಸ್ಕ್ರಿಪ್ಟ್ ಮಾತ್ರ ಕೊಟ್ಟು ಎಚ್‌ಟಿಎಂಎಲ್ ಬಿಟ್ಟರೆ ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ತಪ್ಪಿರುವುದೇ ಎಚ್‌ಟಿಎಂಎಲ್‌ನಲ್ಲಿ ಸ್ಕ್ರಿಪ್ಟ್ ಕೂತ ಜಾಗದಲ್ಲಿ.

ಇನ್ನೊಂದು ಸಂದೇಶ ಹೊಸಬರನ್ನು ದಿನಗಟ್ಟಲೆ ಅಲೆಸುತ್ತದೆ: 'ಅನೆಕ್ಸ್‌ಪೆಕ್ಟೆಡ್ ಟೋಕನ್' ಎಂದು ಹೇಳಿ, ಪಕ್ಕದಲ್ಲಿ ಎಚ್‌ಟಿಎಂಎಲ್ ಟ್ಯಾಗಿನ ಎಡ ಕೋನಾವರಣ, '<'. ಅವರು ತಮ್ಮ ಕೋಡಿನಲ್ಲಿ ಆ ಗುರುತನ್ನು ಹುಡುಕುತ್ತಾರೆ. ಅದು ಅಲ್ಲಿರುವುದಿಲ್ಲ. ಸರ್ವರ್ ಜೇಸನ್ (ಡೇಟಾ ಸಾಗಿಸುವ ಪಠ್ಯರೂಪ) ಕಳಿಸಬೇಕಾದ ಕಡೆ ಎಚ್‌ಟಿಎಂಎಲ್ ಪುಟ ಕಳಿಸಿದೆ, ಆ ಪುಟದ ಮೊದಲ ಅಕ್ಷರವೇ ಈ '<'. ಅದು 404 ಪುಟ ಇರಬಹುದು, ಲಾಗಿನ್ ಪುಟ ಇರಬಹುದು, ವಿಳಾಸ ತಪ್ಪಿದ್ದಕ್ಕೆ ಬಂದ ಮುಖಪುಟವೂ ಇರಬಹುದು. ನೆಟ್‌ವರ್ಕ್ ಟ್ಯಾಬ್ ತೆರೆದು, ಆ ಕೋರಿಕೆಯನ್ನು ಒತ್ತಿ, ರೆಸ್ಪಾನ್ಸ್ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಜೊತೆಗೆ ಒಂದು ಮಾತು ನೆನಪಿಡಿ: ಸರ್ವರ್ 404 ಅಥವಾ 500 ಕೊಟ್ಟರೂ ಫೆಚ್ (ಸರ್ವರಿನಿಂದ ಡೇಟಾ ತರಿಸುವ ಫಂಕ್ಷನ್) ಅದನ್ನು ಸೋಲೆಂದು ಎಣಿಸುವುದಿಲ್ಲ. ಸಂಪರ್ಕವೇ ಸಿಗದಿದ್ದರೆ ಅಥವಾ ಬ್ರೌಸರ್ ತಡೆದರೆ ಮಾತ್ರ ಅದು ಎರರ್ ಹಿಡಿಯುವ ಕ್ಯಾಚ್ ಕಡೆಗೆ ಹೋಗುತ್ತದೆ. ರೆಸ್ಪಾನ್ಸ್‌ನ ಓಕೆ ಎಂಬ ಗುಣವನ್ನು ನೀವೇ ನೋಡಿಕೊಳ್ಳಬೇಕು.

ಕಾರ್ಸ್ ಎಂಬ ತಲೆನೋವು

ವೆಬ್ ಡೆವಲಪ್‌ಮೆಂಟ್‌ನಲ್ಲಿ ಮತ್ತೆ ಮತ್ತೆ ಬರುವ, ಮತ್ತೆ ಮತ್ತೆ ತಪ್ಪು ಉತ್ತರ ಪಡೆಯುವ ಪ್ರಶ್ನೆ ಇದು. ರಿಯಾಕ್ಟ್ ಪುಟ ನಿಮ್ಮದೇ ಯಂತ್ರದ, ಅಂದರೆ ಲೋಕಲ್‌ಹೋಸ್ಟ್‌ನ 5173ನೇ ಪೋರ್ಟಿನಲ್ಲಿದೆ, ಡೇಟಾ ಕೊಡುವ ಎಪಿಐ 3000ನೇ ಪೋರ್ಟಿನಲ್ಲಿದೆ. ಬ್ರೌಸರಿನ ಲೆಕ್ಕದಲ್ಲಿ ಇವು ಎರಡು ಬೇರೆ ಮೂಲಗಳು: ಪ್ರೋಟೋಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರೆ ಮಾತ್ರ ಒಂದೇ ಮೂಲ. ಒಂದು ಮೂಲದ ಪುಟ ಇನ್ನೊಂದು ಮೂಲದ ಉತ್ತರವನ್ನು ಓದಬೇಕಾದರೆ ಆ ಇನ್ನೊಂದು ಸರ್ವರ್ ತನ್ನ ಹೆಡರಿನಲ್ಲಿ ಒಪ್ಪಿಗೆ ಕೊಡಬೇಕು. ಈ ಏರ್ಪಾಡಿಗೇ ಕಾರ್ಸ್ ಎನ್ನುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಉತ್ತರ ಬಂದರೂ ಬ್ರೌಸರ್ ಅದನ್ನು ನಿಮ್ಮ ಕೋಡಿಗೆ ಮುಟ್ಟಿಸುವುದಿಲ್ಲ.

"ಪೋಸ್ಟ್‌ಮನ್‌ನಲ್ಲಿ ಬರ್ತಿದೆ, ಬ್ರೌಸರ್‌ನಲ್ಲಿ ಬರ್ತಿಲ್ಲ" ಎಂದು ಹಲವರು ಅಚ್ಚರಿಪಡುತ್ತಾರೆ. ಈ ಕಾಯಿದೆ ಬ್ರೌಸರಿನದು, ಎಪಿಐ ಪರೀಕ್ಷಿಸುವ ತಂತ್ರಾಂಶವಾದ ಪೋಸ್ಟ್‌ಮನ್‌ಗೆ ಅದು ಲಾಗೂ ಆಗುವುದಿಲ್ಲ. ಆದ್ದರಿಂದ ಪರಿಹಾರ ಸರ್ವರಿನ ಕಡೆಗಿದೆ. ಫೆಚ್‌ಗೆ 'ನೋ ಕಾರ್ಸ್' ಮೋಡ್ ಹಾಕಿ ಎಂಬ ಸಲಹೆ ಕಂಡರೆ ದೂರವಿಡಿ. ಕೆಂಪಕ್ಷರವೇನೋ ಹೋಗುತ್ತದೆ, ಕೈಗೆ ಸಿಗುವ ಉತ್ತರದ ಸ್ಟೇಟಸ್ 0, ಒಡಲು ಖಾಲಿ. ಬ್ರೌಸರಿನ ಭದ್ರತೆಯನ್ನೇ ಆರಿಸುವ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ನಿಮ್ಮ ಯಂತ್ರದಲ್ಲಿ ಮಾತ್ರ ಕೆಲಸ ಸಾಗುತ್ತದೆ, ಬಳಕೆದಾರರ ಯಂತ್ರದಲ್ಲಿ ಸಾಗುವುದಿಲ್ಲ.

ಇನ್ನೂ ಎರಡು ಸೂಕ್ಷ್ಮಗಳಿವೆ. ಕೋರಿಕೆಯಲ್ಲಿ ಆಥರೈಸೇಶನ್ ಹೆಡರ್ ಇದ್ದರೆ, ಅಥವಾ ಕಂಟೆಂಟ್ ಟೈಪ್ ಜೇಸನ್ ಆಗಿದ್ದರೆ, ಬ್ರೌಸರ್ ನಿಜವಾದ ಕೋರಿಕೆಗೂ ಮುಂಚೆ ಆಪ್ಷನ್ಸ್ ಎಂಬ ಇನ್ನೊಂದು ಕೋರಿಕೆ ಕಳಿಸಿ ಅನುಮತಿ ಕೇಳುತ್ತದೆ. ಅದರಲ್ಲಿ ಲಾಗಿನ್ ಆದವರ ಗುರುತಾದ ಟೋಕನ್ ಇರುವುದಿಲ್ಲ. ಸರ್ವರಿನಲ್ಲಿ ಲಾಗಿನ್ ಪರೀಕ್ಷಿಸುವ ಮಿಡಲ್‌ವೇರ್ (ಪ್ರತಿ ಕೋರಿಕೆಯನ್ನೂ ನಡುವೆ ಹಿಡಿದು ನೋಡುವ ಕೋಡ್) ಮೊದಲು ಬಂದು, ಕಾರ್ಸ್ ಮಿಡಲ್‌ವೇರ್ ಆಮೇಲೆ ಬಂದರೆ, ಟೋಕನ್ ಇಲ್ಲವೆಂದು ಆಪ್ಷನ್ಸ್‌ಗೆ 401 ಸಿಗುತ್ತದೆ, ಕನ್ಸೋಲ್ ಕಾರ್ಸ್ ಎಂದು ದೂರುತ್ತದೆ. ಎರಡರ ಕ್ರಮ ಬದಲಿಸಿದರೆ ಸಾಕು. ಎರಡನೆಯದು: ಸರ್ವರಿನ ಕೋಡ್ ನಡುವೆ ಕುಸಿದು 500 ಬಂದಾಗ ಆ ಉತ್ತರಕ್ಕೆ ಒಪ್ಪಿಗೆಯ ಹೆಡರ್ ಸೇರಿರುವುದಿಲ್ಲವೆಂದರೆ ಅದೂ ಕಾರ್ಸ್ ಎರರ್ ಆಗಿಯೇ ಕಾಣುತ್ತದೆ. ಹೀಗಾಗಿ ಕಾರ್ಸ್ ಪ್ರಶ್ನೆ ಕೇಳುವಾಗ ಕನ್ಸೋಲ್ ಸಂದೇಶವೊಂದೇ ಸಾಲದು. ಪುಟದ ಮೂಲ, ಎಪಿಐಯ ಮೂಲ, ಕೋರಿಕೆಯ ವಿಧಾನ, ನೆಟ್‌ವರ್ಕ್ ಟ್ಯಾಬಿನಲ್ಲಿ ಕಂಡ ಸ್ಟೇಟಸ್, ಸರ್ವರಿನಲ್ಲಿ ಮಿಡಲ್‌ವೇರ್‌ಗಳು ಇರುವ ಕ್ರಮ, ಸರ್ವರಿನ ಟರ್ಮಿನಲ್‌ನಲ್ಲಿ ಮೂಡಿದ ಸಾಲುಗಳು, ಇಷ್ಟೂ ಬೇಕು.

ಹೊತ್ತು ತಪ್ಪಿದ ಸಾಲುಗಳು

ಎರರ್ ಏನೂ ಬರುವುದಿಲ್ಲ, ಆದರೆ ಪಟ್ಟಿ ಖಾಲಿ. ಇಂಥವುಗಳಲ್ಲಿ ಹೆಚ್ಚಿನವು ಕಾಲಕ್ರಮದ ತೊಂದರೆಗಳು. ಡೇಟಾ ಬರುವ ಮುನ್ನವೇ ಮುಂದಿನ ಸಾಲು ಓಡಿರುತ್ತದೆ. ಫಾರ್‌ಈಚ್ ಒಳಗೆ ಅಸಿಂಕ್ ಫಂಕ್ಷನ್ ಕೊಟ್ಟು ಅವೇಟ್ ಬರೆದರೆ ಫಾರ್‌ಈಚ್ ಕಾಯುತ್ತದೆಂದು ನಂಬುವುದು ಸಾಮಾನ್ಯ. ಅದು ಕಾಯುವುದಿಲ್ಲ. ಒಂದಾದ ಮೇಲೊಂದು ಬೇಕಿದ್ದರೆ ಫಾರ್ ಆಫ್, ಒಟ್ಟಿಗೆ ಓಡಿಸಬೇಕಿದ್ದರೆ ಮ್ಯಾಪ್ ಜೊತೆ ಪ್ರಾಮಿಸ್ ಆಲ್ ಬಳಸಬೇಕು.

ಇಲ್ಲಿ ಕನ್ಸೋಲ್ ಕೂಡ ಹಾದಿ ತಪ್ಪಿಸಬಲ್ಲದು. ಒಂದು ಆಬ್ಜೆಕ್ಟನ್ನು ಲಾಗ್ ಮಾಡಿ, ಆಮೇಲೆ ಅದರ ಪಕ್ಕದ ಬಾಣವನ್ನು ಒತ್ತಿ ಬಿಡಿಸಿದರೆ ಕಾಣುವುದು ಬಿಡಿಸಿದ ಗಳಿಗೆಯ ಸ್ಥಿತಿ, ಲಾಗ್ ಮಾಡಿದ ಗಳಿಗೆಯದಲ್ಲ. "ಕನ್ಸೋಲ್‌ನಲ್ಲಿ ಡೇಟಾ ಇದೆ, ಕೋಡಿನಲ್ಲಿ ಇಲ್ಲ" ಎಂಬ ಗೋಜಲು ಬಹಳಷ್ಟು ಸಲ ಇದರಿಂದಲೇ. ಜೇಸನ್ ಸ್ಟ್ರಿಂಗಿಫೈ ಮಾಡಿ ಲಾಗ್ ಮಾಡಿದರೆ ಆ ಹೊತ್ತಿನ ಸ್ಥಿತಿ ಅಕ್ಷರವಾಗಿ ಉಳಿಯುತ್ತದೆ. ಅನುಮಾನವಿರುವ ಪ್ರತಿ ಜಾಗದಲ್ಲೂ 1, 2, 3 ಎಂದು ಲಾಗ್ ಹಾಕಿ, ಅವು ಯಾವ ಕ್ರಮದಲ್ಲಿ ಮೂಡಿದವು ಎಂಬುದನ್ನು ಪ್ರಶ್ನೆಯಲ್ಲಿ ಬರೆಯಿರಿ. 1, 3, 2 ಎಂದು ಬಂದಿದ್ದರೆ ಉತ್ತರ ಕೊಡುವವರಿಗೆ ಅದೊಂದೇ ಸಾಕಾಗಬಹುದು.

ಕಿರಿದು ಮಾಡುವುದು

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇದು, ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕೆಲಸವೂ ಇದೇ. ತಪ್ಪು ಉಳಿಯುವಂತೆ, ಮಿಕ್ಕೆಲ್ಲ ಹೋಗುವಂತೆ ಕೋಡನ್ನು ಕತ್ತರಿಸುತ್ತಾ ಬರುವುದು. 400 ಸಾಲಿನ ಕಡತವಾದರೂ ಪ್ರತಿ ಸಲ ಅರ್ಧ ತೆಗೆದು ತಪ್ಪು ಉಳಿದಿದೆಯೇ ಎಂದು ನೋಡಿದರೆ ಒಂಬತ್ತು ಸುತ್ತಿನಲ್ಲಿ ಒಂದು ಸಾಲಿಗೆ ಇಳಿಯಬಹುದು. ನಿಜವಾದ ಕೋಡ್ ಅಷ್ಟು ಸಲೀಸಾಗಿ ತುಂಡಾಗುವುದಿಲ್ಲ, ಆದರೂ ಅರ್ಧ ಗಂಟೆಯಲ್ಲಿ 20 ಸಾಲಿಗೆ ತರುವುದು ಕಷ್ಟವೇನಲ್ಲ. ಮೂಲ ಪ್ರಾಜೆಕ್ಟಿನಲ್ಲೇ ಕತ್ತರಿಸಬೇಡಿ, ನಕಲು ಮಾಡಿಕೊಂಡು ಅದರಲ್ಲಿ ಮಾಡಿ.

ಒಂದು ನಿಜವಾದ ಬಗೆಯ ತೊಂದರೆಯನ್ನು ಹತ್ತಿರದಿಂದ ನೋಡೋಣ. ಕನ್ನಡದಲ್ಲಿ ತಿಂಡಿಗಳ ಪಟ್ಟಿ ತೋರಿಸುವ ಪುಟವಿದೆ, ಮೇಲೊಂದು ಹುಡುಕು ಪೆಟ್ಟಿಗೆ. 'ಇಡ್ಲಿ' ಎಂದು ಟೈಪ್ ಮಾಡಿದರೆ ಸಿಗುತ್ತದೆ, 'ದೋಸೆ' ಎಂದರೆ ಏನೂ ಸಿಗುವುದಿಲ್ಲ. ಪಟ್ಟಿಯಲ್ಲಿ ದೋಸೆ ಕಣ್ಣಿಗೆ ಕಾಣುತ್ತಿದೆ. ಮೊದಲ ಯೋಚನೆಗೆ ಬರುವ ಪ್ರಶ್ನೆ "ರಿಯಾಕ್ಟ್‌ನಲ್ಲಿ ಫಿಲ್ಟರ್ ಕನ್ನಡಕ್ಕೆ ಕೆಲಸ ಮಾಡುವುದಿಲ್ಲವೇ?" ಎಂದು. ಜೊತೆಗೆ 300 ಸಾಲಿನ ಕಂಪೊನೆಂಟ್.

ಈಗ ಕಿರಿದು ಮಾಡೋಣ. ರಿಯಾಕ್ಟ್ ತೆಗೆದು ಸಾದಾ ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಫಿಲ್ಟರ್ ಓಡಿಸಿದರೂ ದೋಸೆ ಸಿಗುವುದಿಲ್ಲ. ಅಲ್ಲಿಗೆ ರಿಯಾಕ್ಟ್ ಪ್ರಶ್ನೆಯಿಂದ ಹೊರಗೆ. ಸರ್ವರಿನಿಂದ ತರುವ ಬದಲು ಆ ಪಟ್ಟಿಯನ್ನು ನಕಲು ಮಾಡಿ ಕಡತದಲ್ಲೇ ಅರೇ ಮಾಡಿ ಇಟ್ಟರೂ ಹಾಗೇ. ಫೆಚ್ ಹೊರಗೆ. 200 ತಿಂಡಿಗಳಿದ್ದ ಪಟ್ಟಿಯನ್ನು ಒಂದಕ್ಕೆ ಇಳಿಸಿ, ಫಿಲ್ಟರನ್ನೂ ಬಿಟ್ಟು, ಪಟ್ಟಿಯ ಪದವನ್ನೂ ಟೈಪ್ ಮಾಡಿದ ಪದವನ್ನೂ ಮೂರು ಸಮ ಚಿಹ್ನೆ ಹಾಕಿ ಹೋಲಿಸಿದರೆ ಫಾಲ್ಸ್ ಎಂದು ಬರುತ್ತದೆ. 300 ಸಾಲು ಮೂರು ಸಾಲಾಯಿತು, ಪ್ರಶ್ನೆಯೂ ಬದಲಾಯಿತು: ಒಂದೇ ರೀತಿ ಕಾಣುವ ಎರಡು ಸ್ಟ್ರಿಂಗ್‌ಗಳು ಏಕೆ ಸಮವಲ್ಲ?

ಎರಡರ ಲೆಂತ್ ನೋಡಿದರೆ ಒಂದು 4, ಇನ್ನೊಂದು 6. ಒಂದೊಂದು ಅಕ್ಷರದ ಕೋಡ್‌ಪಾಯಿಂಟ್ (ಯುನಿಕೋಡ್ ಅದಕ್ಕೆ ಕೊಟ್ಟ ಸಂಖ್ಯೆ) ಅಚ್ಚು ಮಾಡಿಸಿದರೆ ಟೈಪ್ ಮಾಡಿದ್ದರಲ್ಲಿ 3238, 3275, 3256, 3270 ಎಂದೂ ಪಟ್ಟಿಯದರಲ್ಲಿ 3238, 3270, 3266, 3285, 3256, 3270 ಎಂದೂ ಬರುತ್ತದೆ. ಯುನಿಕೋಡ್‌ನಲ್ಲಿ ಓತ್ವಕ್ಕೆ 3275 ಎಂಬ ಒಂದೇ ಸಂಕೇತವೂ ಇದೆ. ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂದು ಮೂರು ಬಿಡಿ ಸಂಕೇತಗಳನ್ನು ಜೋಡಿಸಿ ಅದೇ ಓತ್ವವನ್ನು ಬರೆಯಲೂಬಹುದು. ಫಾಂಟ್ ಎರಡನ್ನೂ ಒಂದೇ ಆಕಾರದಲ್ಲಿ ಬರೆಯುತ್ತದೆ. ಜಾವಾಸ್ಕ್ರಿಪ್ಟ್ ಸಂಕೇತಗಳನ್ನು ಹೋಲಿಸುತ್ತದೆ, ಆಕಾರವನ್ನಲ್ಲ. ಇಡ್ಲಿಯಲ್ಲಿ ಹೀಗೆ ಬಿಡಿಸಬಹುದಾದ ಗುರುತು ಇಲ್ಲದ್ದರಿಂದ ಅದು ಸಿಗುತ್ತಿತ್ತು. ಸ್ಟ್ರಿಂಗ್‌ನ ನಾರ್ಮಲೈಸ್ ಮೆಥಡ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಎರಡೂ ಕೂಡಿದ ರೂಪಕ್ಕೆ ಬರುತ್ತವೆ. ಡೇಟಾಬೇಸಿಗೆ ಹಾಕುವಾಗ ಒಮ್ಮೆ, ಹುಡುಕುವಾಗ ಒಮ್ಮೆ ಮಾಡಿದರೆ ತೊಂದರೆ ಮುಗಿಯಿತು.

ಇದರ ಪಕ್ಕದಲ್ಲೇ ಇನ್ನೊಂದು ಬಲೆ ಇದೆ, ಕನ್ನಡದಲ್ಲಿ ವೆಬ್ ಪುಟ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದದ್ದು. 'ಸಾಫ್ಟ್‌ವೇರ್' ಎಂಬಲ್ಲಿ ವಕಾರ ಒತ್ತಾಗದಂತೆ ತಡೆಯಲು ಕೀಬೋರ್ಡ್ ಕಾಣದ ಒಂದು ಸಂಕೇತ ಸೇರಿಸುತ್ತದೆ, ಅದರ ಸಂಖ್ಯೆ 8204. ಪದದ ನಡುವೆ ಇದ್ದರೆ ಆಕಾರ ಬದಲಾಗುವುದರಿಂದ ಪತ್ತೆಯಾಗುತ್ತದೆ. 'ಬಾರ್‌ನಲ್ಲಿ' ಎಂಬುದರಿಂದ 'ಬಾರ್' ಮಾತ್ರ ನಕಲು ಮಾಡಿಕೊಂಡಾಗ ಬಾಲಕ್ಕೆ ಅಂಟಿಕೊಂಡು ಬಂದರೆ ಕಣ್ಣಿಗೆ ಏನೂ ತಿಳಿಯದು. ನಾರ್ಮಲೈಸ್ ಇದನ್ನು ತೆಗೆಯುವುದಿಲ್ಲ. ಟ್ರಿಮ್ ಕೂಡ ತೆಗೆಯುವುದಿಲ್ಲ, ಏಕೆಂದರೆ ಇದು ಖಾಲಿ ಜಾಗದ ಗುಂಪಿಗೆ ಸೇರಿದ್ದಲ್ಲ. ಹೋಲಿಸಲು ಬಳಸುವ ಪ್ರತಿಯಿಂದ ಮಾತ್ರ ರಿಪ್ಲೇಸ್ ಮಾಡಿ ತೆಗೆಯಿರಿ. ಪರದೆಯ ಮೇಲೆ ತೋರಿಸುವ ಪ್ರತಿಯಿಂದ ತೆಗೆದರೆ ಪದದ ರೂಪವೇ ಕೆಡುತ್ತದೆ.

ಈ ಉದಾಹರಣೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪ್ರಶ್ನೆಯಲ್ಲಿ ಎರಡು 'ದೋಸೆ'ಗಳನ್ನು ಹಾಗೇ ಅಂಟಿಸಿದರೆ ದಾರಿಯಲ್ಲಿ ಯಾವುದಾದರೂ ತಂತ್ರಾಂಶ ಅವನ್ನು ಒಂದೇ ರೂಪಕ್ಕೆ ತಂದುಬಿಡಬಹುದು. ಓದುವವರು ಓಡಿಸಿದಾಗ ಟ್ರೂ ಬರುತ್ತದೆ, "ನನಗೆ ಸರಿಯಾಗೇ ಇದೆಯಲ್ಲ" ಎನ್ನುತ್ತಾರೆ. ಫ್ರಮ್ ಕೋಡ್‌ಪಾಯಿಂಟ್ ಮೆಥಡ್‌ಗೆ ಮೇಲಿನ ಸಂಖ್ಯೆಗಳನ್ನೇ ಕೊಟ್ಟು ಸ್ಟ್ರಿಂಗ್ ಕಟ್ಟಿದರೆ ಲೋಕದ ಯಾವ ಮೂಲೆಯಲ್ಲಿ ಓಡಿಸಿದರೂ ಫಾಲ್ಸ್ ಬರುತ್ತದೆ, ಕನ್ನಡ ಬಾರದವರೂ ಉತ್ತರಿಸಬಹುದು.

ಕತ್ತರಿಸುತ್ತಾ ಹೋದಾಗ ತಪ್ಪು ಮಾಯವಾದರೆ ಬೇಸರಪಡಬೇಡಿ. ಕೊನೆಯ ಸಲ ಏನು ತೆಗೆದಿರೋ ಅದರಲ್ಲಿ ಕಾರಣವಿದೆ. ಅದನ್ನು ಮರಳಿ ಸೇರಿಸಿ, ಬೇರೆ ಕಡೆ ಕತ್ತರಿಸಿ. "ನಿನ್ನೆ ಸರಿಯಿತ್ತು, ಇವತ್ತು ಕೆಟ್ಟಿದೆ" ಎನ್ನುವಂಥದ್ದಾದರೆ ಗಿಟ್ ಬೈಸೆಕ್ಟ್ ಇದೇ ಕೆಲಸವನ್ನು ದಾಖಲಾದ ಬದಲಾವಣೆಗಳ, ಅಂದರೆ ಕಮಿಟ್‌ಗಳ ಮೇಲೆ ಮಾಡುತ್ತದೆ. 1000 ಕಮಿಟ್‌ಗಳಲ್ಲಿ ಕೆಡಿಸಿದ ಒಂದನ್ನು ಹಿಡಿಯಲು ಸುಮಾರು 10 ಪರೀಕ್ಷೆ ಸಾಕು. ಇವಕ್ಕೆಲ್ಲ ಮುಂಚೆ ಎರಡು ಸಣ್ಣ ಪರೀಕ್ಷೆ ಮಾಡಿ: ನೆಟ್‌ವರ್ಕ್ ಟ್ಯಾಬಿನಲ್ಲಿ ಡಿಸೇಬಲ್ ಕ್ಯಾಶೆ ಟಿಕ್ ಮಾಡಿ, ಟೂಲ್ಸ್ ಮುಚ್ಚದೆಯೇ ರೀಲೋಡ್ ಮಾಡಿ (ಮುಚ್ಚಿದರೆ ಆ ಟಿಕ್‌ಗೆ ಬೆಲೆಯಿಲ್ಲ). ಮತ್ತೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ನೀವು ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ, ಆದ್ದರಿಂದ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ನಿಮ್ಮ ಕೋರಿಕೆಯನ್ನು ನುಂಗುತ್ತಿದ್ದರೆ ಗೊತ್ತಾಗುತ್ತದೆ.

ಕಿರಿದಾದ ಉದಾಹರಣೆಯನ್ನು ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ತಾಣಗಳಾದ ಕೋಡ್‌ಪೆನ್ ಅಥವಾ ಜೆಎಸ್‌ಫಿಡಲ್‌ನಲ್ಲಿ ಇಡಬಹುದು. ಎನ್‌ಪಿಎಂ ಪ್ಯಾಕೇಜುಗಳು ಬೇಕಿದ್ದರೆ ಸ್ಟಾಕ್‌ಬ್ಲಿಟ್ಜ್. ನಿಮ್ಮ ಎಪಿಐ ಹೊರಗಿನವರಿಗೆ ಸಿಗದಿದ್ದರೆ ಜೇಸನ್‌ಪ್ಲೇಸ್‌ಹೋಲ್ಡರ್ ಎಂಬ ಉಚಿತ ನಕಲಿ ಎಪಿಐ ಬಳಸಿ. ಆದರೆ ಎಚ್ಚರ: ಕೋಡ್‌ಪೆನ್ ಜಾವಾಸ್ಕ್ರಿಪ್ಟನ್ನು ತಾನೇ ಬಾಡಿಯ ಕೊನೆಗೆ ಸೇರಿಸುತ್ತದೆ, ಹೀಗಾಗಿ ಮೇಲೆ ಹೇಳಿದ ನಲ್ ತೊಂದರೆ ಅಲ್ಲಿ ಕಾಣುವುದೇ ಇಲ್ಲ. ಜೆಎಸ್‌ಫಿಡಲ್‌ನಲ್ಲಿ ಆನ್‌ಲೋಡ್ ಆಯ್ಕೆ ಇದ್ದರೆ ನಿಮ್ಮ ಫಂಕ್ಷನ್‌ಗಳು ಇನ್ನೊಂದು ಫಂಕ್ಷನ್ನಿನ ಒಳಗೆ ಸೇರುತ್ತವೆ, ಎಚ್‌ಟಿಎಂಎಲ್‌ನ ಆನ್‌ಕ್ಲಿಕ್‌ನಿಂದ ಕರೆದರೆ ಹೆಸರೇ ಇಲ್ಲ ಎಂಬ ಹೊಸ ಎರರ್ ಬರುತ್ತದೆ. ಕೊಂಡಿ ಕೊಟ್ಟರೂ ಕೋಡನ್ನು ಪ್ರಶ್ನೆಯೊಳಗೂ ಹಾಕಿ. ಕೊಂಡಿಗಳು ಸಾಯುತ್ತವೆ.

ಬರೆಯುವಾಗ

ಕೋಡನ್ನು ಚಿತ್ರವಾಗಿ ಕಳಿಸಬೇಡಿ, ಅದರಲ್ಲೂ ಪರದೆಯ ಫೋಟೊ ಬೇಡವೇ ಬೇಡ. ಚಿತ್ರದಿಂದ ನಕಲು ಮಾಡಿ ಓಡಿಸಲು ಆಗುವುದಿಲ್ಲ, ಅದರೊಳಗಿನ ಎರರ್ ಗೂಗಲ್‌ನಲ್ಲಿ ಸಿಗುವುದಿಲ್ಲ. ವಿನ್ಯಾಸ ಕೆಟ್ಟಿರುವ ಸಿಎಸ್‌ಎಸ್ ಪ್ರಶ್ನೆಗೆ ಮಾತ್ರ ಚಿತ್ರ ಬೇಕು, ಅದೂ ಕೋಡಿನ ಜೊತೆಗೆ. ಕಾಲೇಜು ಮತ್ತು ಕೆಲಸದ ವಾಟ್ಸಾಪ್ ಗುಂಪುಗಳಲ್ಲಿ ಕೋಡನ್ನು ಹಾಗೇ ಅಂಟಿಸಿದರೆ ಗುಣಾಕಾರದ ನಕ್ಷತ್ರಗಳು ದಪ್ಪಕ್ಷರದ ಗುರುತಾಗಿ ಮಾಯವಾಗಬಹುದು. ಫೋನಿನಲ್ಲಿ ಟೈಪ್ ಮಾಡಿದರೆ ನೇರ ಉದ್ಧರಣ ಚಿಹ್ನೆ ಬಾಗಿದ್ದಾಗಬಹುದು. ಅದನ್ನು ಓಡಿಸಿದವರಿಗೆ ನಿಮ್ಮ ತೊಂದರೆಯ ಬದಲು ಹೊಸ ಸಿಂಟ್ಯಾಕ್ಸ್ ಎರರ್ ಸಿಗುತ್ತದೆ. ಕೋಡಿನ ಮುಂದೆ, ಹಿಂದೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿ. ವಾಟ್ಸಾಪ್, ಡಿಸ್ಕಾರ್ಡ್, ಗಿಟ್‌ಹಬ್, ಸ್ಟಾಕ್ ಓವರ್‌ಫ್ಲೋ ನಾಲ್ಕರಲ್ಲೂ ಇದು ನಡೆಯುತ್ತದೆ.

ಶೀರ್ಷಿಕೆಯಲ್ಲಿ ತಪ್ಪನ್ನೇ ಹೇಳಿ. "ಅರ್ಜೆಂಟ್" ಎಂಬುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. "ಟೋಕನ್ ಕಳಿಸಿದರೂ ಆಪ್ಷನ್ಸ್ ಕೋರಿಕೆಗೆ 401, ಎಕ್ಸ್‌ಪ್ರೆಸ್" ಎಂದಿದ್ದರೆ ಗೊತ್ತಿರುವವರು ನಿಂತು ಓದುತ್ತಾರೆ. ಒಳಗೆ ಏನಾಗಬೇಕಿತ್ತು, ಏನಾಗುತ್ತಿದೆ ಎಂಬೆರಡನ್ನೂ ಬರೆಯಿರಿ. ಎರಡನೆಯದನ್ನು ಬರೆದು ಮೊದಲನೆಯದನ್ನು ಮರೆಯುವವರೇ ಹೆಚ್ಚು. ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಫ್ರೇಮ್‌ವರ್ಕ್, ಬ್ರೌಸರ್ ಮೂರರ ಆವೃತ್ತಿ ಸಂಖ್ಯೆ ಕೊಡಿ. "ಲೇಟೆಸ್ಟ್" ಎಂದು ಬರೆದರೆ ಆರು ತಿಂಗಳ ನಂತರ ಓದುವವರಿಗೆ ಅದು ಯಾವುದೆಂದು ತಿಳಿಯದು. ಏನೇನು ಮಾಡಿ ನೋಡಿದಿರಿ, ಪ್ರತಿಯೊಂದಕ್ಕೂ ಫಲಿತಾಂಶ ಏನಾಯಿತು ಎಂಬುದನ್ನೂ ಹೇಳಿ.

ಬೇಕಾದದ್ದನ್ನು ಬಿಟ್ಟು, ನೀವು ಊಹಿಸಿದ ಪರಿಹಾರದ ಬಗ್ಗೆ ಕೇಳುವುದೂ ಸಾಮಾನ್ಯ. "ಸೆಟ್‌ಟೈಮ್‌ಔಟ್ 2000 ಸಾಲುತ್ತಿಲ್ಲ, 5000 ಮಾಡಿದರೆ ಆಗುತ್ತದೆಯೇ?" ಎಂದು ಕೇಳಿದರೆ ಉತ್ತರವೂ ಸೆಟ್‌ಟೈಮ್‌ಔಟ್ ಬಗ್ಗೆಯೇ ಬರುತ್ತದೆ. ನಿಜಕ್ಕೂ ಬೇಕಿದ್ದದ್ದು ಡೇಟಾ ಬಂದ ಮೇಲೆ ಪಟ್ಟಿ ತೋರಿಸುವುದು, ಅದಕ್ಕೆ ಅವೇಟ್ ಇದೆ, ಸೆಕೆಂಡು ಎಣಿಸುವ ಅಗತ್ಯವಿಲ್ಲ. ಮೊದಲ ವಾಕ್ಯದಲ್ಲೇ ಕೊನೆಯ ಗುರಿ ಹೇಳಿಬಿಟ್ಟರೆ ಈ ಸುತ್ತು ತಪ್ಪುತ್ತದೆ.

ಸ್ಟಾಕ್ ಓವರ್‌ಫ್ಲೋಗೆ ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಜಪಾನಿ ಭಾಷೆಗಳ ತಾಣಗಳಿವೆ. ಕನ್ನಡದ್ದಿಲ್ಲ, ಇಂಗ್ಲಿಷಿನಲ್ಲೇ ಕೇಳಬೇಕು. ಇಂಗ್ಲಿಷ್ ಸಲೀಸಲ್ಲ ಎಂದು ಹಿಂಜರಿಯುವವರು ಅನೇಕರಿದ್ದಾರೆ. ಅವರಿಗೆ ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಓಡುವ 15 ಸಾಲು ಕೋಡ್, ಹಾಗ್ಹಾಗೇ ನಕಲು ಮಾಡಿದ ಎರರ್, "ಇದು ಬೇಕು, ಇದು ಬರುತ್ತಿದೆ" ಎನ್ನುವ ಎರಡು ಪುಟ್ಟ ವಾಕ್ಯ ಇದ್ದರೆ ವ್ಯಾಕರಣ ಯಾರಿಗೂ ಅಡ್ಡಿಯಾಗುವುದಿಲ್ಲ. ಕನ್ನಡದ ಗುಂಪುಗಳಲ್ಲಿ ಕೇಳುವಾಗ ವಿವರಣೆ ಕನ್ನಡದಲ್ಲೇ ಇರಲಿ, ಎರರ್ ಸಂದೇಶವನ್ನು ಮಾತ್ರ ಅನುವಾದಿಸಬೇಡಿ. ಹುಡುಕಲು ಬೇಕಾಗುವುದು ಅದರ ಮೂಲ ಅಕ್ಷರಗಳೇ.

ಹೊರಗೆ ಹೋಗಬಾರದ್ದು

ಅಂಟಿಸುವ ಮುನ್ನ ಒಮ್ಮೆ ಓದಿ. ಎಪಿಐ ಕೀ, ಪಾಸ್‌ವರ್ಡ್, ಡೇಟಾಬೇಸಿನ ವಿಳಾಸ ಕೋಡಿನಲ್ಲಿದ್ದರೆ ಕಣ್ಣಿಗೆ ಬೀಳುತ್ತವೆ. ಅಡಗಿರುವವು ಬೇರೆ: ನೆಟ್‌ವರ್ಕ್ ಟ್ಯಾಬಿನಲ್ಲಿ ಕಾಪಿ ಆ್ಯಸ್ ಕರ್ಲ್ ಎಂದು ಒತ್ತಿದರೆ ನಿಮ್ಮ ಕುಕೀ, ಟೋಕನ್ ಎಲ್ಲ ಅದರ ಜೊತೆ ಬರುತ್ತವೆ. ಅದನ್ನು ಪಡೆದವರು ನಿಮ್ಮ ಹೆಸರಿನಲ್ಲೇ ಒಳಹೋಗಬಹುದು. ಕೀ ಒಮ್ಮೆ ಹೊರಬಿದ್ದಿದ್ದರೆ ಸಂದೇಶ ಅಳಿಸಿದರೆ ಸಾಲದು, ಗಿಟ್‌ನಲ್ಲಿ ಹೊಸ ಕಮಿಟ್ ಹಾಕಿ ತೆಗೆದರೂ ಹಳೆಯ ಕಮಿಟ್‌ನಲ್ಲಿ ಉಳಿದಿರುತ್ತದೆ. ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು. ಪುಟದ ಕಡತಗಳನ್ನು ಕಟ್ಟಿಕೊಡುವ ವೀಟ್ ಬಳಸುವವರು ಇನ್ನೊಂದು ತಿಳಿದಿರಬೇಕು: ಅದರ ಹೆಸರಿನಿಂದ ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಬ್ರೌಸರಿಗೆ ಹೋಗುವ ಕಡತದೊಳಗೇ ಸೇರುತ್ತವೆ. ಗುಟ್ಟಿನದ್ದೇನಿದ್ದರೂ ಸರ್ವರಿನಲ್ಲಿರಲಿ.

ಉತ್ತರ ಬಂದ ಮೇಲೆ

ಉತ್ತರದ ವರ್ಷ ನೋಡಿ. 2015ಕ್ಕಿಂತ ಹಿಂದಿನದ್ದರಲ್ಲಿ ವಾರ್, ಕಾಲ್‌ಬ್ಯಾಕ್, ಜೆಕ್ವೆರಿ ಇರುತ್ತವೆ. ಅಸಿಂಕ್ ಅವೇಟ್ ಭಾಷೆಯ ಮಾನಕಕ್ಕೆ ಸೇರಿದ್ದು 2017ರಲ್ಲಿ. ನೋಡ್‌ನಲ್ಲಿ ಬೇರೆ ಪ್ಯಾಕೇಜಿಲ್ಲದೆ, ಫ್ಲ್ಯಾಗ್ ಹಾಕದೆ ಫೆಚ್ ಸಿಕ್ಕಿದ್ದು 2022ರ 18ನೇ ಆವೃತ್ತಿಯಿಂದ. ರಿಯಾಕ್ಟ್ ಹುಕ್ಸ್ ಬಂದದ್ದು 2019ರಲ್ಲಿ, ಹಳೆಯ ರಿಯಾಕ್ಟ್‌ಡಾಮ್ ರೆಂಡರ್ 19ನೇ ಆವೃತ್ತಿಯಲ್ಲಿ ಇಲ್ಲವೇ ಇಲ್ಲ. ಹಳೆಯ ಉತ್ತರ ತಪ್ಪೆಂದಲ್ಲ, ಅದು ಬೇರೊಂದು ಆವೃತ್ತಿಗೆ ಸರಿ. ಅನುಮಾನವಿದ್ದರೆ ವೆಬ್ ದಾಖಲೆಗಳ ತಾಣವಾದ ಎಂಡಿಎನ್‌ನಲ್ಲಿ ಆ ಮೆಥಡ್ಡಿನ ಪುಟ ತೆರೆದು ಕೆಳಗಿರುವ ಬ್ರೌಸರ್ ಕೋಷ್ಟಕ ನೋಡಿ.

ಎಐ ಚಾಟ್‌ಬಾಟ್‌ಗಳನ್ನು ಕೇಳುವುದು ಈಗ ರೂಢಿ. ಎರರ್ ಸಂದೇಶವನ್ನು ಬಿಡಿಸಿ ಹೇಳಲು ಅವು ಉಪಯುಕ್ತ. ಆದರೆ ಇಲ್ಲದ ಮೆಥಡ್, ಇಲ್ಲದ ಎನ್‌ಪಿಎಂ ಪ್ಯಾಕೇಜನ್ನೂ ಅಷ್ಟೇ ಧೈರ್ಯದಿಂದ ಸೂಚಿಸುತ್ತವೆ. ಅಂಥ ಹೆಸರಿನಲ್ಲಿ ಕೇಡಿನ ಪ್ಯಾಕೇಜನ್ನು ಯಾರಾದರೂ ಇಟ್ಟಿರಲೂಬಹುದು, ಇನ್‌ಸ್ಟಾಲ್ ಮಾಡುವ ಮುನ್ನ ಎನ್‌ಪಿಎಂ ಪುಟದಲ್ಲಿ ಅದರ ಮೂಲ ಕೋಡಿನ ಕೊಂಡಿ, ವಾರದ ಡೌನ್‌ಲೋಡ್ ನೋಡಿ. ಸ್ಟಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ನಿಷೇಧಿಸಿತು. ಸರಿಯೆಂದು ತೋರುವ ತಪ್ಪು ಉತ್ತರಗಳು ಹೆಚ್ಚಾದದ್ದೇ ಕಾರಣ.

ಸಲಹೆಯನ್ನು ಮೊದಲು ಕಿರಿದಾದ ಉದಾಹರಣೆಯಲ್ಲಿ ಓಡಿಸಿ, ಆಮೇಲೆ ಪ್ರಾಜೆಕ್ಟಿಗೆ ತನ್ನಿ. ಉದಾಹರಣೆಯಲ್ಲಿ ಸರಿಹೋಗಿ ಪ್ರಾಜೆಕ್ಟಿನಲ್ಲಿ ಆಗದಿದ್ದರೆ ಅಲ್ಲಿ ಎರಡನೆಯ ತೊಂದರೆಯೊಂದಿದೆ. ಅದನ್ನು ಹೊಸ ಪ್ರಶ್ನೆಯಾಗಿ ಕೇಳಿ, ಹಳೆಯದನ್ನು ತಿದ್ದಿ ಬೇರೆಯದಾಗಿಸಬೇಡಿ, ಅದಕ್ಕೆ ಬಂದ ಉತ್ತರಗಳು ಅರ್ಥ ಕಳೆದುಕೊಳ್ಳುತ್ತವೆ. ಒಂದೇ ಪ್ರಶ್ನೆಯನ್ನು ಎರಡು ಕಡೆ ಹಾಕಿದ್ದರೆ ಒಂದರ ಕೊಂಡಿ ಇನ್ನೊಂದರಲ್ಲಿರಲಿ, ಬಗೆಹರಿದದ್ದಕ್ಕೆ ಇನ್ನೊಬ್ಬರು ಸಂಜೆಯೆಲ್ಲ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಉತ್ತರ ನಿಮಗೇ ಹೊಳೆದರೆ ಪ್ರಶ್ನೆ ಅಳಿಸದೆ, "ಸರಿಹೋಯಿತು" ಎಂದಷ್ಟೇ ಬರೆದು ಬಿಡದೆ, ಕಾರಣ ಏನಿತ್ತು, ಯಾವ ಸಾಲು ಬದಲಿಸಿದಿರಿ, ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದಿರಿ ಎಂಬ ಮೂರನ್ನು ಅದರ ಕೆಳಗೇ ಬರೆಯಿರಿ. ಅದೇ ಎರರ್ ಸಂದೇಶವನ್ನು ಗೂಗಲ್ ಮಾಡಿ ಅಲ್ಲಿಗೆ ಬರುವವರು ಬಹಳ ಮಂದಿ ಇರುತ್ತಾರೆ.